ಕಡಲು ಕಾಣಲೆಂದು ತೆಗೆಸಿದ ದಿಬ್ಬ

ಯಸಳೂರಿನ ದೇವೀರಮ್ಮನಿಗೆ ಯಾರನ್ನೂ ಹೊಗಳಿ ಅಭ್ಯಾಸವಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕಾಫಿ ತೋಟವನ್ನೂ ತಾಯಿಯಿಲ್ಲದ ತಮ್ಮ ಯೋಗಾನಂದನನ್ನೂ ಬೈದು ಬೈದೇ ಬೆಳೆಸಿದವಳು. ತೋಟ ಮಾತು ಕೇಳಿತು, ತಮ್ಮ ಕೇಳಲಿಲ್ಲ.

ತೊಂಬತ್ತರ ದಶಕದಲ್ಲಿ ಕಾಫಿಗೆ ಎಂದೂ ಕಾಣದ ಬೆಲೆ ಬಂದಾಗ ಯೋಗಾನಂದನಿಗೆ ಕಡಲಿನ ಹುಚ್ಚು ಹತ್ತಿತು. ಘಾಟಿ ಇಳಿದು, ಮಂಗಳೂರಿನಾಚೆ ಸಮುದ್ರದಂಚಿನಲ್ಲಿ ಮನೆ ಕಟ್ಟಿಸಿದ. ಮನೆಗೂ ನೀರಿಗೂ ನಡುವೆ ಬಳ್ಳಿ ಹಬ್ಬಿ, ಕೇದಗೆ ಮೆಳೆ ಬೆಳೆದ ಮರಳಿನ ದಿಬ್ಬವಿತ್ತು. ಜಗಲಿಯಲ್ಲಿ ಕೂತರೆ ಅಲೆ ಕಾಣುವುದಿಲ್ಲವೆಂದು ಬುಲ್ಡೋಜರ್ ತರಿಸಿ ತನ್ನ ಮನೆಯ ಎದುರಿನಷ್ಟನ್ನು ಮಟ್ಟ ಮಾಡಿಸಿದ.

ಗೃಹಪ್ರವೇಶಕ್ಕೆ ಹೋದ ದೇವೀರಮ್ಮ ಅತ್ತಿತ್ತ ನೋಡಿದಳು. ಮೀನುಗಾರರ ಮನೆಗಳೆಲ್ಲ ದಿಬ್ಬದ ಮರೆಯಲ್ಲೇ ಇದ್ದವು.

"ಹುಟ್ಟಿದಾಗಿಂದ ಇಲ್ಲಿರೋರು ಇವ್ರು. ಇವ್ರಿಗ್ಯಾಕೋ ಬೇಡ ಈ ನೋಟ?"

"ಅವ್ರಿಗೆಲ್ಲ ಟೇಸ್ಟ್ ಇಲ್ಲ ಕಣಕ್ಕ."

"ಹೂಂ, ನಿಂಗೈತೆ. ಯಾರ ರುಚಿ ಯಾರು ನೋಡ್ತಾರೋ ನೋಡನ."

ಮಳೆಗಾಲದ ಕಡಲನ್ನು ನೋಡಲೇಬೇಕೆಂದು ಅವನೇ ಒತ್ತಾಯ ಮಾಡಿ ಜೂನ್ ತಿಂಗಳಲ್ಲಿ ಅಕ್ಕನನ್ನು ಮತ್ತೆ ಕರೆಸಿಕೊಂಡ. ಮಧ್ಯಾಹ್ನ ಊಟಕ್ಕೆ ಕೂತಿದ್ದರು. ದಿಬ್ಬವಿಲ್ಲದ ಕಂಡಿಯಿಂದ ಅಲೆ ಸೀದಾ ನಡುಮನೆಗೆ ನುಗ್ಗಿತು. ಬಾಳೆಲೆ, ಕುರ್ಚಿ, ಯೋಗಾನಂದನ ಚಪ್ಪಲಿ ಎಲ್ಲ ತೇಲಿದವು. ಸೀರೆ ಎತ್ತಿ ಕಟ್ಟಿಕೊಂಡು ದೇವೀರಮ್ಮ ಪಕ್ಕದ ಮೀನುಗಾರರ ಸುಮಿತ್ರಕ್ಕನ ಮನೆ ಸೇರಿದಳು. ಹೆಂಚಿನ ಆ ಪುಟ್ಟ ಮನೆಯ ನೆಲ ಒಣಗಿತ್ತು.

ಸುಮಿತ್ರಕ್ಕ ಒಣ ಬಟ್ಟೆ ಕೊಟ್ಟಳು, ಗಂಜಿ ಬಡಿಸಿದಳು. "ನಮ್ಮ ಎದುರು ದಿಬ್ಬ ಉಂಟಲ್ಲ ಅಮ್ಮ. ಅಲೆ ಬಂದು ಅದನ್ನು ತಿಂದು ಹೋಗ್ತದೆ, ಬೇಸಿಗೆಯಲ್ಲಿ ಕಡಲೇ ಪುನಃ ಮರಳು ತಂದು ಹಾಕ್ತದೆ. ಆದ್ರೆ ನಿಮ್ಮ ಅಂಗಳದಿಂದ ಸುತ್ತಿ ಬಂದ ನೀರು ನಮ್ಮ ಬಾವಿಗೆ ಬಿತ್ತು."

ದೇವೀರಮ್ಮ ಗಂಜಿಯ ತಟ್ಟೆ ಬದಿಗಿಟ್ಟಳು.

ನೆನೆದ ಪಂಚೆಯಲ್ಲಿ ಬಂದ ಯೋಗಾನಂದ, "ಸರ್ಕಾರದೋರು ಕಲ್ಲಿನ ಗೋಡೆ ಕಟ್ಟಬೇಕಿತ್ತು" ಎಂದ.

"ಇದ್ದ ಗೋಡೆ ಒಡೆಸಿ ಸರ್ಕಾರ ಕೇಳ್ತೀಯಾ? ನೀನು ಹಾಳಾದ್ರೆ ನಗ್ತಿದ್ದೆ ಕಣೋ. ಇವ್ರ ಬಾವಿ ಉಪ್ಪು ಮಾಡ್ಬುಟ್ಯಲ್ಲ!"

ಮಳೆ ನಿಂತ ಮೇಲೆ ಅವಳೇ ನಿಂತು ತಮ್ಮನ ಕೈಯಿಂದ ಬಾವಿಯ ಉಪ್ಪುನೀರು ಎತ್ತಿಸಿ ಶುದ್ಧ ಮಾಡಿಸಿದಳು, ಕಂಡಿಗೆ ಮರಳು ಹಾಕಿಸಿ ಕೇದಗೆ ನೆಡಿಸಿದಳು. ಕೇದಗೆ ಬೇರು ಹಿಡಿಯುವ ಮೊದಲೇ ಸುರಿದ ಮರಳು ಅರ್ಧ ಕೊಚ್ಚಿಹೋಯಿತು. ಯೋಗಾನಂದ ಆ ಮನೆಗೆ ಬೀಗ ಜಡಿದು ಯಸಳೂರಿಗೆ ವಾಪಸು ಬಂದು, ಸಮುದ್ರವನ್ನು ನಂಬಬಾರದು ಎಂದು ಊರೆಲ್ಲ ಉಪದೇಶ ಮಾಡತೊಡಗಿದ.

ಬಾವಿ ನೀರು ಸಿಹಿಯಾಗಲು ಮುಂದಿನ ಮಳೆಗಾಲ ಕಳೆಯಬೇಕಾಯಿತು. ಅಲ್ಲಿಯವರೆಗೂ ಸುಮಿತ್ರಕ್ಕ ದೂರದಿಂದ ಕೊಡ ಹೊತ್ತಳು. ಅಷ್ಟು ಕಾಲವೂ ದೇವೀರಮ್ಮ ಊರಿನಲ್ಲಿದ್ದ ತಮ್ಮನ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಲಿಲ್ಲ.