ಸರಿಯುವ ಗೋಡೆಯ ಚಿಲಕ

ಆಗಿನ ಕಾಲದಲ್ಲಿ ಗೋಡೆ ಅಂದರೆ ಗೋಡೆ, ಕಟ್ಟಿದಲ್ಲೇ ನಿಂತಿರುತ್ತಿತ್ತು. ಹಾಗಾಗಿ ಕೇಶ್ವಾಪುರದ ನಮ್ಮ ಸಾಲೆಗೆ ಗಾಲಿಯ ಮೇಲೆ ಸರಿಯುವ ಕಟ್ಟಿಗೆಯ ಗೋಡೆ ಬಂದಾಗ ಎಲ್ಲರೂ ಹಿಗ್ಗಿದರು, ನನಗೆ ಸಂಶಯ ಬಂತು.

ಅದು ಹೊಸ ವಿಜ್ಞಾನ ಮಾಸ್ತರರ ಹಂಚಿಕೆ. ವಿಜ್ಞಾನವನ್ನು ಕೈಯಿಂದ ಮಾಡಿಯೇ ಕಲಿಯಬೇಕು ಎನ್ನುವವರು ಅವರು. ಪಾಠದ ಹೊತ್ತಿಗೆ ಎರಡು ಕೋಣೆ. ಪ್ರಯೋಗದ ಹೊತ್ತಿಗೆ ಗೋಡೆ ಸರಿಸಿದರೆ ಒಂದೇ ದೊಡ್ಡ ಪಡಸಾಲೆ. ಒಂದು ಕೋಣೆ ಹುಡುಗರದು, ಇನ್ನೊಂದರಲ್ಲಿ ನಾವು ಆರು ಹುಡುಗಿಯರು. ಪ್ರಯೋಗದ ಮೇಜು ಅವರ ಕಡೆ. ಚಿಲಕವೂ ಅವರ ಕಡೆಗೇ! ಅದನ್ನು ಮೊದಲು ಗಮನಿಸಿದವಳು ನಾನು.

ಜೂನ್ ತಿಂಗಳ ಮೊದಲ ವಾರ ಗೋಡೆ ಸರಿಯಿತು. ಸ್ಪಿರಿಟ್ ದೀಪದ ವಾಸನೆ, ಬೆರಳಿಗೆ ಚುರುಕ್ಕೆನ್ನುವ ಗಾಜಿನ ನಳಿಗೆ. ಎರಡನೆಯ ವಾರ ಮುಚ್ಚಿತು.

“ಇವತ್ತ ಆಸಿಡ್ ಐತಿ. ಹುಡುಗ್ಯಾರ ಪರಕಾರ ಸುಟ್ಟಾವು,” ಎಂದು ನಮ್ಮ ಲಂಗಗಳತ್ತ ಕೈ ತೋರಿದರು ಹೆಡ್‌ಮಾಸ್ತರರು.

“ಹುಡುಗರ ಚೊಣ್ಣ ಸುಡೂದಿಲ್ಲೇನ್ರಿ?” ಎಂದೆ.

“ಸುಮ್ಮ ಕೂಡು, ವಕೀಲಬಾಯಿ!”

ಅಂದಿನಿಂದ ದಿನಾ ಆಸಿಡ್. ಅಯಸ್ಕಾಂತದ ಪಾಠಕ್ಕೂ ಆಸಿಡ್!

ಗೋಡೆ ಮಾಡಿದ ಬಡಿಗ ಹುಸೇನಸಾಬ ಕಾಕಾನ ಅಂಗಡಿಗೆ ಹೋದೆ.

“ಕಾಕಾ, ನಮ್ಮ ಕಡೀನೂ ಒಂದು ಚಿಲಕಾ ಬಡೀರಿ.”

“ಹೆಡ್‌ಮಾಸ್ತರ ಹೇಳಿದಲ್ಲೆ ಬಡದೇನಿ ಬೇಟಿ. ನಾ ಬಡಿಗ್ಯಾ, ಜಡ್ಜ ಅಲ್ಲ.”

“ಹಂಗಾರ ನೀವು ಮಾಡಿದ್ದು ಗೋಡಿ ಅಲ್ಲ, ಪಂಜರದ ಬಾಗಲಾ.”

“ಎಲಾ! ಕಟ್ಟಿಗಿಗಿಂತ ಮೊದಲ ನಿನ್ನ ನಾಲಿಗಿಗೆ ರಂದಾ ಹೊಡೀಬೇಕು.” ಕಟ್ಟಿಗೆ ಹೆರೆಯುತ್ತಿದ್ದ ರಂದಾ ಕೆಳಗಿಟ್ಟು ನಕ್ಕು, ಮೋಡ ನೋಡಿದರು. “ಮಳಿ ಹಿಡೀತಂದ್ರ ಕಟ್ಟಿಗಿ ಉಬ್ಬತೈತಿ. ಗೋಡಿ ಎಲ್ಲಿ ಇರತೈತೋ ಅಲ್ಲೇ ಹಿಡಕೊಂಡು ನಿಲ್ಲತೈತಿ. ಹೆಡ್‌ಮಾಸ್ತರಗ ಹೇಳೂದ ಮರತೇನಿ, ನೋಡು.”

ಮರೆತದ್ದು ಖರೇನೋ? ನಂಬಿಕೆ ಬರಲಿಲ್ಲ.

ಆರಿದ್ರಾ ಮಳೆಯ ಮೋಡ ಕವಿದ ದಿನ ಕಾಕಾ ಗಾಲಿಗೆ ಎಣ್ಣೆ ಬಿಡಲು ಬಂದರು. ಗೋಡೆಯನ್ನು ಪೂರಾ ತೆರೆದಿಟ್ಟು, “ಎಣ್ಣಿ ಇಳೀಲಿಕ್ಕೆ ಎರಡ ದಿನಾ ಬೇಕ್ರಿ, ಯಾರೂ ಮುಟ್ಟಬ್ಯಾಡ್ರಿ,” ಎಂದರು. ಎಣ್ಣೆ ಇಳಿಯಲು ಎರಡು ದಿನ ಬೇಕೆಂದು ನಾನು ಎಲ್ಲೂ ಕೇಳಿರಲಿಲ್ಲ. ಆದರೂ ಹುಟ್ಟಿದಂದಿನಿಂದ ಮೊದಲ ಸಲ ಎದುರು ಮಾತಾಡಲಿಲ್ಲ.

ಸಂಜೆಗೇ ಮಳೆ ಹಿಡಿಯಿತು. ಮೂರನೆಯ ದಿನ ಸಾಲೆಯ ಸಿಪಾಯಿಯೂ ಇಬ್ಬರು ಮಾಸ್ತರರೂ ನೂಕಿದರು. ಗೋಡೆ ಜಪ್ಪಯ್ಯ ಎನ್ನಲಿಲ್ಲ.

ಮಳೆಗಾಲವಿಡೀ ಮೇಜು ನಮ್ಮದೂ ಆಯಿತು. ಆಸಿಡ್ ಸಿಡಿದು ನನ್ನ ಪರಕಾರ ಸುಟ್ಟಿದ್ದೂ ನಿಜ. ಹೆಡ್‌ಮಾಸ್ತರರು ಗೆಲ್ಲಬಾರದೆಂದು ತೂತನ್ನು ನೆರಿಗೆಯೊಳಗೆ ಮಡಚಿಕೊಂಡು ಓಡಾಡಿದೆ.

ದೀಪಾವಳಿಗೆ ಕಟ್ಟಿಗೆ ಒಣಗಿತು. ಗೋಡೆ ಮತ್ತೆ ಮುಚ್ಚಿತು, ಆಚೆಯಿಂದ ಚಿಲಕ ಬಿತ್ತು.

“ಬೇಕಂತನ ಮಾಡಿದ್ರೇನ್ರಿ ಕಾಕಾ?” ಎಂದು ಕೇಳಿದೆ.

“ಕಟ್ಟಿಗೀನ ಕೇಳು ಬೇಟಿ.”

ಈಗ ಕಾಕಾ ಇಲ್ಲ. ಅಲ್ಲಿ ಇಟ್ಟಿಗೆಯ ಗೋಡೆ ಎದ್ದಿದೆ. ಭದ್ರ, ಮಳೆಗೆ ಉಬ್ಬುವುದಿಲ್ಲ ಎಂದು ಹೊಗಳುತ್ತಾರೆ. ಹೌದು, ಉಬ್ಬುವುದಿಲ್ಲ. ಗೋಡೆಯ ಈಚೆ ಕೂತ ಹುಡುಗಿಯರು ಇನ್ನು ಮೋಡ ನೋಡಿ ಏನು ಮಾಡಬೇಕು?