ಮುತ್ಯಾನನ್ನು ಹುಡುಕಿದ ಅತ್ತೆ

ನಮ್ಮತ್ತೆಯ ಎತ್ತರಕ್ಕೆ ಮಸರಕಲ್ ಊರಿನ ನಮ್ಮ ಮನೆಯ ಯಾವ ಬಾಗಿಲೂ ಸಾಲುತ್ತಿರಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ತಲೆ ಬಾಗಿಸಿ, ಸೆರಗು ಹಿಡಿದು, ಬಾಯಲ್ಲಿ ಎಲೆಯಡಿಕೆ ಇದ್ದರೂ ಏನೋ ಹೇಳುತ್ತಲೇ ಬರುತ್ತಿದ್ದಳು. ಅಪ್ಪನಿಗೆ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಹೊಲ ನೋಡಿಕೊಂಡಳು. ಯಾರಾದರೂ ಮಾತು ತಿರುಚಿದರೆ, "ಬೇಯದ ಕಾಳು ಹೊಟ್ಟಿಗೆ ಆಗಂಗಿಲ್ಲ" ಎಂದು ಎದ್ದು ಹೋಗುತ್ತಿದ್ದಳು.

ನಮ್ಮ ಮನೆತನದ ಮೊದಲ ಹಿರಿಯ, ಅಪ್ಪನ ಮುತ್ಯಾ ಅಂದರೆ ಅಜ್ಜ, ಕುದುರೆ ಏರಿ ಬಂದು ಈ ಊರಲ್ಲಿ ಹೊಲ ಹಿಡಿದವನೆಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಎಲ್ಲಿಂದ ಬಂದ ಎಂದು ಕೇಳಿದರೆ ಮತ್ತೆ ಕುದುರೆಯ ಮಾತಿಗೇ ಬರುತ್ತಿದ್ದ. ಅತ್ತೆಗೆ ಅದೇ ಕೊರಗು. ಸುಗ್ಗಿ ಮುಗಿದ ಮೇಲೆ ಮನೆಮನೆಯ ವಂಶಾವಳಿ ಹೇಳಲು ಬರುವ ಹೆಳವ ಒಂದು ವರ್ಷ ಕಟ್ಟೆಯ ಮೇಲೆ ಕೂತು ನಮ್ಮ ಹಿರಿಯರ ಹೆಸರು ಹೇಳುತ್ತ ಹೋದವನು, ಮುತ್ಯಾನ ಹೆಸರಿಗೆ ಬಂದು ನಿಂತುಬಿಟ್ಟ.

"ಇವರಪ್ಪ ಯಾರಪಾ?" ಅತ್ತೆ ಬಿಡಲಿಲ್ಲ.

"ಅದು ನಮ್ಮ ಹಿರ್ಯಾರಿಗೂ ಸಿಕ್ಕಿಲ್ರೀ ಯವ್ವಾ. ಮಾನ್ವಿ ಕಡಿಯಿಂದ ಬಂದ ಹುಡುಗ ಅಂತಷ್ಟ ಅದ."

ಅತ್ತೆ ಟ್ರಂಕಿನಲ್ಲಿದ್ದ ನಿಜಾಮರ ಕಾಲದ ಹೊಲದ ಕಾಗದಗಳನ್ನು ಗಂಟು ಕಟ್ಟಿಕೊಂಡು ನಾನು ನೌಕರಿಗಿದ್ದ ರಾಯಚೂರಿನ ಬಾಡಿಗೆ ಮನೆಗೆ ಬಂದಳು. ಉರ್ದು ಓದಬಲ್ಲ ಪಕ್ಕದ ಮನೆಯ ಮಾಸ್ತರರು ಓದಿ ಹೇಳಿದರು: "ಹೊಲ ಕೊಡಿಸಿದವ ಮಾನ್ವಿಯ ಬಳೆ ವ್ಯಾಪಾರಿ, ಮುಸಲ್ಮಾನ ಸಾಹೇಬ. ಹುಡುಗನ್ನ ಸಾಕಿದವ ಅಂತ ಬರ್ದದ ನೋಡ್ರಿ."

ಮರುದಿನವೇ ನಾವಿಬ್ಬರೂ ಮಾನ್ವಿಗೆ ಹೋದೆವು. ಬಳೆ ಅಂಗಡಿಗಳಲ್ಲಿ ಕೇಳುತ್ತ ಕೇಳುತ್ತ ಆ ಮನೆ ಸಿಕ್ಕಿತು. ಒಳಗೆ ಮಂಚದ ಮೇಲೆ ಹಣ್ಣುಹಣ್ಣು ಮುದುಕಿ. ಅತ್ತೆ ವಿಷಯ ಹೇಳಿದ ಕೂಡಲೇ ಆಕೆ ಎದ್ದು ಕೂತರು.

"ಬರ್ರಿ ಬೇಟಿ, ಕುಂದರ್ರಿ. ಬರಗಾಲದಾಗ ನಮ್ಮ ಮಾವನ ಅಪ್ಪಗ ಸಂತ್ಯಾಗ ಒಂದು ಕೂಸು ಸಿಕ್ಕಿತ್ತಂತ. ಕೊಳ್ಳಾಗ ಲಿಂಗ ಇತ್ತಂತ. ಅದಕ್ಕ ಬ್ಯಾರೆ ಗಡಗ್ಯಾಗ ಅನ್ನ ಮಾಡ್ತಿದ್ರಂತ. ಲಿಂಗ ಒಂದು ದಿನಾನೂ ಬಿಚ್ಚಿಸಲಿಲ್ಲಂತ. ಅವನು ಎಲ್ಲಿ ಹ್ವಾದ, ಹ್ಯಾಂಗ ಬಾಳಿದ ಅಂತ ನಮ್ಮ ಅತ್ತಿ ಸಾಯೂತನಕ ಕೇಳ್ತಿದ್ದಳು."

ಅತ್ತೆ ಆ ಮುದುಕಿಯ ಕೈ ಹಿಡಿದಳು. "ಚೊಲೋ ಬಾಳಿದ್ರಿ ಯವ್ವಾ" ಎಂದಳು. "ಹಡದವ್ರು ಯಾರಂತ ಗೊತ್ತಾಗಲಿಲ್ಲ. ಅನ್ನ ಹಾಕಿದವ್ರು ಸಿಕ್ರಲ್ಲ, ಸಾಕು."

ಅಪ್ಪನಿಗೆ ಇದು ಹಿಡಿಸಲಿಲ್ಲ. ಆಗ ನನಗೆ ವರ ನೋಡುತ್ತಿದ್ದರು. "ಮಗಳ ಲಗ್ನ ಆಗೂತನಕಾರ ಬಾಯಿ ಮುಚ್ಚಿಕೊಂಡಿರು" ಎಂದು ಅಕ್ಕನಿಗೆ ಕೈ ಮುಗಿದ. ನೋಡಲು ಬಂದ ವರನ ಕಡೆಯವರು ಮನೆತನ ಕೇಳಿದರು. ಅಪ್ಪ ಕುದುರೆಯ ಕತೆ ಶುರು ಮಾಡಿದ. ಬಾಗಿಲಲ್ಲಿ ತಲೆ ಬಾಗಿಸಿ ನಿಂತಿದ್ದ ಅತ್ತೆ ತಡೆಯಲಾರದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅವರು ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ.

ಅಪ್ಪ ಅಕ್ಕನ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಒಲೆ, ಮಾತಿಲ್ಲ. "ನಿನ್ನ ನಸೀಬ ನಾನ ಕೆಡಿಸಿದ್ನೇನವ್ವಾ?" ಎಂದು ಅತ್ತೆ ಒಮ್ಮೆ ನನ್ನನ್ನು ಕೇಳಿದಳು. ಅವಳ ಕಣ್ಣಲ್ಲಿ ನೀರು ನಾನು ಕಂಡದ್ದು ಅದೊಂದೇ ಸಲ. ಇಲ್ಲ ಎಂದೆ. ನಿಜವಾಗಿಯೂ ಇಲ್ಲ. ಮುಂದೆ ನನ್ನ ಕೈ ಹಿಡಿದವರಿಗೆ ಈ ಕತೆಯನ್ನು ನಾನೇ ಮೊದಲು ಹೇಳಿದೆ. ಹೇಳುವ ಧೈರ್ಯ ಅವಳು ಕೊಟ್ಟದ್ದು.

ಪ್ರತಿ ಸುಗ್ಗಿಗೂ ಅತ್ತೆ ಹೊಸ ಜೋಳ ಕಟ್ಟಿಕೊಂಡು ಮಾನ್ವಿಗೆ ಹೋಗುತ್ತಿದ್ದಳು. ಮುದುಕಿ ತೀರಿಕೊಂಡ ಮೇಲೂ ಬಿಡಲಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡಳು. ಹೊಲದಲ್ಲೇ ಸಮಾಧಿ ತೋಡಿದ್ದರು. ಮಾನ್ವಿಯಿಂದ ಆ ಮನೆಯವರೆಲ್ಲ ಬಂದು ದೂರದ ಬದುವಿನ ಮೇಲೆ ನಿಂತರು. ಊರಿನ ಹಿರಿಯರೊಬ್ಬರು ಅಪ್ಪನ ಕಿವಿಯಲ್ಲಿ ಕೇಳಿದರು, "ಇವರ‍್ಯಾರಪಾ?"

ಅಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನಮ್ಮ ಮುತ್ಯಾನ ತವರುಮನಿಯವ್ರು. ಅತ್ತ ಸರೀರಿ, ಮಣ್ಣು ಹಾಕಾಕ ಅವರಿಗೆ ಜಾಗ ಬಿಡ್ರಿ."