ಎದುರುಮನೆ ಅಜ್ಜಿಗೆ ಹಿಡಿಸದ ಸಾರು

ಮೊನ್ನೆ ಭಾನುವಾರ ವೇಲಚೇರಿ ಸ್ಟೇಷನ್ ಹಿಂದಿನ ಅಂಗಡಿಯಲ್ಲಿ ಅರಿಶಿನ ಬಳಿದ ನಾಟಿ ಕೋಳಿಯನ್ನು ಬೆಂಕಿಗೆ ಹಿಡಿದು ಸುಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅಜ್ಜಿ ನೆನಪಾದರು. ತೀರಿಹೋದವರು ನೆನಪಾದಾಗ ಕಣ್ಣು ತೇವವಾಯಿತು ಎಂದು ಬರೆಯುವುದು ವಾಡಿಕೆ. ನನಗೆ ಬಂದದ್ದು ಸಿಟ್ಟು. ಚರ್ಮ ತೆಗೆದುಬಿಡಲೇ ಎಂದು ಅಂಗಡಿಯವನು ತಮಿಳಿನಲ್ಲಿ ಕೇಳಿದ್ದಕ್ಕೆ ನಾನು ಬೇಡ ಎಂದ ದನಿಗೆ ಪಾಪ, ಅವನೇ ಬೆಚ್ಚಿದ.

ಅಜ್ಜಿ ಮಂಡ್ಯದ ಕಡೆಯವರು. ಮದುವೆಯಾಗಿ ಬಂದದ್ದು ಇದೇ ಊರಿನ ಕೋಡಂಬಾಕ್ಕಂಗೆ. ಗಂಡ ಸ್ಟುಡಿಯೋಗಳಲ್ಲಿ ಲೈಟು ಕಟ್ಟುತ್ತಿದ್ದರಂತೆ. ಕನ್ನಡ ಸಿನಿಮಾಗಳು ಅಲ್ಲೇ ತಯಾರಾಗುತ್ತಿದ್ದ ಕಾಲ. ನಮ್ಮ ಕಡೆಯಿಂದ ಬಂದ ಕೆಲಸಗಾರರಿಗೆ ಜ್ವರವೋ ನೆಗಡಿಯೋ ಬಂದರೆ ಅಜ್ಜಿಯ ಕೋಳಿ ಸಾರೇ ಔಷಧಿ. ಹಾಗಂತ ಅಜ್ಜಿಯೇ ಹೇಳುತ್ತಿದ್ದರು, ಬೇರೆ ಸಾಕ್ಷಿಗಳು ಯಾರೂ ಉಳಿದಿರಲಿಲ್ಲ. ವಯಸ್ಸಾದ ಮೇಲೆ ಮಗನ ಫ್ಲ್ಯಾಟಿಗೆ, ಅಂದರೆ ನಮ್ಮ ಎದುರು ಬಾಗಿಲಿಗೆ ಬಂದರು. ಸೊಸೆ ಉಡುಪಿ ಕಡೆಯ ಹೋಟೆಲಿನವರ ಮಗಳು. ಆ ಅಡುಗೆಮನೆಗೆ ಮೊಟ್ಟೆಯೂ ಕಾಲಿಡುವಂತಿರಲಿಲ್ಲ. ಸೊಸೆ ಈ ಬಗ್ಗೆ ಒಂದು ದಿನವೂ ದನಿ ಎತ್ತಿದವಳಲ್ಲ, ಅಜ್ಜಿಯೂ ಜಗಳ ಕಾದವರಲ್ಲ. ಅವರಿಬ್ಬರ ನಡುವಿನ ಆ ಸಮಾಧಾನದ ಭಾರವೆಲ್ಲ ಬಂದು ಬಿದ್ದದ್ದು ನನ್ನ ಅಡುಗೆಮನೆಯ ಮೇಲೆ.

ಮೊದಲ ಸಲ ಅವರು ನಮ್ಮ ಬೆಲ್ ಒತ್ತಿದ್ದು ಕುಕ್ಕರಿನ ದೆಸೆಯಿಂದ. ಮಗಳಿಗೆ ನೆಗಡಿಯೆಂದು ಕೋಳಿ ಬೇಯಿಸುತ್ತಿದ್ದೆ. ಎರಡನೇ ಸೀಟಿ ಮುಗಿಯುವುದರೊಳಗೆ ಬಾಗಿಲಲ್ಲಿ ಅಜ್ಜಿ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಕೋಳೀನ ಕೂಗಿಸ್ಬುಟ್ಟಾ? ಸತ್ತ ಮೇಲೂ ಅದುಕ್ಕೆ ನೆಮ್ದಿ ಕೊಡಾಕಿಲ್ವಾ ನೀನು?" ಎಂದವರೇ ಸೀದಾ ಒಲೆಯ ಹತ್ತಿರ ನಡೆದರು. ಅಂದಿನಿಂದ ಭಾನುವಾರಗಳು ನನ್ನವಾಗಿ ಉಳಿಯಲಿಲ್ಲ.

ಅವರ ಕಾನೂನುಗಳು ಒಂದೆರಡಲ್ಲ. ಕೋಳಿಗೆ ಚರ್ಮ ಇರಬೇಕು, ಅರಿಶಿನ ಹಚ್ಚಿ ಸುಟ್ಟಿರಬೇಕು. ತಪ್ಪಲೆಯಲ್ಲಿ ಸಣ್ಣ ಉರಿಯಲ್ಲೇ ಬೇಯಬೇಕು. ಮೇಲೆ ಬಂದ ನೊರೆ ತೆಗೆಯಬೇಕು, ಆದರೆ ತೇಲುವ ಕೊಬ್ಬಿನ ಕಣ್ಣುಗಳನ್ನು ಮುಟ್ಟಬಾರದು. ಜಜ್ಜಿದ ಬೆಳ್ಳುಳ್ಳಿ, ಮೆಣಸು, ಉಪ್ಪು, ಅಷ್ಟೇ. ಮಸಾಲೆ ಬೀಳುವ ಮುನ್ನ ತಿಳಿಯನ್ನು ಬಸಿದು ಲೋಟಕ್ಕೆ ಹಾಕಿಕೊಂಡು ಕುಡಿಯಬೇಕು, ಉಳಿದದ್ದಕ್ಕೆ ಮಸಾಲೆ ಹಾಕಿ ಊಟಕ್ಕೆ ಸಾರು ಮಾಡಿಕೊಳ್ಳಬೇಕು. ಇದನ್ನೆಲ್ಲ ನಾನು ಕಲಿತೆ. ಕಲಿತರೆ ಪೀಡೆ ತೊಲಗುತ್ತದೆ ಎಂದು ನಂಬಿದ್ದೆ...

ತೊಲಗಲಿಲ್ಲ. ಅಜ್ಜಿ ಮೊಸರಲ್ಲಿ ಕಲ್ಲು ಹುಡುಕುವವರು. ಒಂದು ವಾರ ಮೆಣಸು ಜಾಸ್ತಿ. ಮರುವಾರ ಅವರ ಕೈಯಲ್ಲೇ ಮೆಣಸು ಅಳೆಸಿ ಹಾಕಿದರೆ, ಮೆಣಸು ಎಲ್ಲಿ ಬಚ್ಚಿಟ್ಟಿದ್ದೀಯ ಎಂಬ ಪ್ರಶ್ನೆ. ನೀರು ಹೆಚ್ಚು, ಉರಿ ಹೆಚ್ಚು, ಅವಸರ ಹೆಚ್ಚು. "ಏನವ್ವಾ ಇದು, ಸುಡ್ತಣ್ಣಿಯಾ?" ಎಂದು ಬಿಸಿನೀರು ಕುಡಿದವರ ಮುಖ ಮಾಡುತ್ತಿದ್ದರು. ಅಷ್ಟು ಹೇಳಿ ಲೋಟ ಇಟ್ಟುಬಿಟ್ಟಿದ್ದರೆ ಸಹಿಸಬಹುದಿತ್ತು. ತಳ ಕಾಣುವವರೆಗೆ ಕುಡಿದು, ಇನ್ನೊಂದು ಲೋಟ ಬಸಿಸಿಕೊಂಡು, ಅದನ್ನೂ ಮುಗಿಸಿ ಮತ್ತೆ ಬೈಯುತ್ತಿದ್ದರು.

ಒಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ನೀವೇ ಮಾಡಿ, ನಾನು ಸ್ಟೂಲಿನ ಮೇಲೆ ಕೂತು ನೋಡುತ್ತೇನೆ ಎಂದೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮಾಡಿದರು. ಬೆಳಗೆಲ್ಲ ಅದೇ ಆಯಿತು. ಕುಡಿದು ನೋಡಿದರೆ ಥೇಟ್ ನನ್ನ ಸಾರೇ! ಕೂದಲಷ್ಟೂ ವ್ಯತ್ಯಾಸವಿಲ್ಲ. ನಾನು ಅವರ ಮುಖವನ್ನೇ ನೋಡಿದೆ. ಅವರೂ ಕುಡಿದರು, ಸ್ವಲ್ಪ ಯೋಚಿಸಿದರು, ಕೋಳಿ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ದಿನ ಗಂಡನ ಮುಂದೆ ಈ ಗಾದೆಯನ್ನು ಎಷ್ಟು ಸಲ ಹೇಳಿದೆನೋ. ಕೊನೆಗೆ ಅವರು ಎದ್ದು ಬಾಲ್ಕನಿಗೆ ಹೋದರು.

ಆಮೇಲೆ ಒಂದು ಮಳೆಗಾಲ ಬಂತು. ನೀರು ನುಗ್ಗೀತೆಂದು ಬಡಾವಣೆಯವರೆಲ್ಲ ಕಾರುಗಳನ್ನು ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಆ ದಿನಗಳಲ್ಲೇ ಅಜ್ಜಿ ಮಲಗಿದ್ದು. ಕಾಲು ಊದಿಕೊಂಡಿತ್ತು, ಉಬ್ಬಸ ಬೇರೆ. ಎದೆ ಸೋತಿದೆ, ಉಪ್ಪು ಕೂಡದು ಎಂದಿದ್ದರು ಡಾಕ್ಟರು. ಹೊಟ್ಟೆಗೆ ಏನಾದರೂ ಹೋದರೆ ಮಾತ್ರ ಔಷಧಿಯನ್ನು ಮೈ ತಡೆದೀತು ಎಂದೂ ಹೇಳಿದ್ದರು. ಅಜ್ಜಿ ಗಂಜಿ ಒಲ್ಲೆ ಎಂದರು, ಹಾಲು ಒಲ್ಲೆ ಎಂದರು, ಬಾಯಿಯನ್ನೇ ತೆರೆಯದಾದರು. ಒಂದು ಬೆಳಿಗ್ಗೆ ಸೊಸೆ ನಮ್ಮ ಬಾಗಿಲಿಗೆ ಬಂದಳು. ಎಷ್ಟೋ ಹೊತ್ತು ಚಪ್ಪಲಿ ಸ್ಟ್ಯಾಂಡನ್ನೇ ನೋಡುತ್ತಾ ನಿಂತಿದ್ದು, "ಅಕ್ಕಾ, ನಿಮ್ಮ ಕೋಳಿದ್ದು ಒಂಚೂರು ಮಾಡಿ, ಉಪ್ಪು ಮಾತ್ರ ಬೇಡ. ಒಳಗೇ ತನ್ನಿ, ಪರವಾಗಿಲ್ಲ" ಎಂದಳು. ಅಷ್ಟು ಹೇಳುವುದಕ್ಕೆ ಅವಳು ಏನೆಲ್ಲ ದಾಟಿ ಬಂದಿರಬೇಕು ಎಂದು ನನಗೆ ತಿಳಿಯದೆ ಇರಲಿಲ್ಲ.

ಕಾನೂನು ಮೀರದೆ ಮಾಡಿದೆ, ಉಪ್ಪೊಂದು ಬಿಟ್ಟು. ಸಪ್ಪೆ ತಿಳಿಯನ್ನು ಲೋಟದಲ್ಲಿ ಹಿಡಿದು ಎದುರುಮನೆಗೆ ನಡೆಯುವಾಗ ಬೈಗುಳಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ: ಡಾಕ್ಟರನ್ನು ಕೇಳಿ, ನನ್ನನ್ನಲ್ಲ. ಸೊಸೆ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಅಜ್ಜಿಯನ್ನು ಎಬ್ಬಿಸಿ ಕೂರಿಸಿದಳು, ಬೆನ್ನಿಗೆ ತನ್ನ ಭುಜ ಕೊಟ್ಟಳು. ಅಜ್ಜಿ ಒಂದೊಂದೇ ಗುಟುಕು ಕುಡಿದರು. ಪೂರ್ತಿ ಕುಡಿದರು. ನಾನು ಕಾದೆ.

"ಇವತ್ತು ಸರ್ಯಾಗೈತೆ ಕಣವ್ವ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು ಬಂತು. ವರ್ಷಗಟ್ಟಲೆ ಬೆಂದಿದ್ದೇನೆ ಇವರ ಕೈಲಿ, ಈಗ, ಈ ನೀರಿಗೆ ಹೀಗೆನ್ನುತ್ತಾರಲ್ಲ! "ಉಪ್ಪೇ ಹಾಕಿಲ್ಲ ಅಜ್ಜಿ" ಎಂದೆ. ಬೈಯಲಿ ಎಂದೇ ಅಂದೆ.

"ಹಾಕಿದ್ದೀಯ ಬುಡು. ನಂಗೊತ್ತಾಗಾಕಿಲ್ವಾ?"

ಸೊಸೆ ನನ್ನ ಮುಖ ನೋಡಿದಳು. ಉಪ್ಪು ಹಾಕದೆ ಇರಲು ಹೇಳಿದವಳೇ ಅವಳು. ಅಜ್ಜಿ ಬಾಯಿ ಒರೆಸಿಕೊಂಡು, ಗೆದ್ದವರ ಹಾಗೆ ಕಣ್ಣು ಮುಚ್ಚಿಕೊಂಡರು. ಆಮೇಲೂ ಕೆಲವು ದಿನ ಲೋಟ ಒಯ್ದೆ, ಪ್ರತಿ ದಿನವೂ ಚೆನ್ನಾಗಿದೆ ಎಂದರು. ಅಷ್ಟು ಹೊಗಳಿಕೆಯನ್ನು ನನ್ನಿಂದ ತಡೆಯಲಾಗಲಿಲ್ಲ, ಲೋಟ ತೊಳೆಯುತ್ತಾ ಸಿಂಕಿನ ಮುಂದೆ ನಿಂತು ಅಳುತ್ತಿದ್ದೆ... ಮಳೆ ನಿಲ್ಲುವ ಹೊತ್ತಿಗೆ ಅಜ್ಜಿ ಹೋದರು. ವರ್ಷ ತುಂಬುವುದರೊಳಗೆ ಮಗ ಸೊಸೆ ಮಾಧವರಂ ಕಡೆ ಮನೆ ಬದಲಿಸಿದರು. ಆ ಫ್ಲ್ಯಾಟಿಗೆ ಈಗ ಬಂದಿರುವವರು ಬಾಗಿಲು ತೆರೆಯುವುದು ಡೆಲಿವರಿಯವರಿಗೆ ಮಾತ್ರ.

ಮೊನ್ನೆ ತಂದ ಕೋಳಿಯನ್ನು ಬೇಯಿಸಿ ತಿಳಿ ಬಸಿದೆ. ಮಗಳು ಫೋನಿನಿಂದ ಕಣ್ಣೆತ್ತದೆ ಕುಡಿದು "ಸೂಪರ್‌ಮಾ" ಎಂದಳು. ಗಂಡ ಇನ್ನೊಂದು ಲೋಟ ಕೇಳಿದರು. ನಾನೂ ಕುಡಿದು ನೋಡಿದೆ. ಏನೋ ತಪ್ಪಿತ್ತು. ಮೆಣಸಲ್ಲ, ಉಪ್ಪಲ್ಲ, ಉರಿಯೂ ಅಲ್ಲ. ಮತ್ತೆ ಕುಡಿದೆ, ತಿಳಿಯಲಿಲ್ಲ. ಏನು ತಪ್ಪಾಗಿದೆ ಹೇಳಿ ಎಂದರೆ, ಇಬ್ಬರೂ ಚೆನ್ನಾಗಿದೆ ಎಂದರು.